ಲೆಕ್ಕ 'ಬರುವುದಿಲ್ಲ' ಎಂಬ ಮಾತಿನ ಒಳಗೆ

[ದೃಶ್ಯ: ಮೂಡಿಗೆರೆ ಕಡೆಯ ಕಾಫಿ ತೋಟ, ಗಿಡಗಳ ನೇರ ಸಾಲುಗಳು. ನಿರೂಪಣೆ ಆರಂಭ.]

ನಮಸ್ಕಾರ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತೊಂದಿದೆ: "ನನಗೆ ಲೆಕ್ಕ ಬರುವುದಿಲ್ಲ." ಈ ವಾಕ್ಯದ ವ್ಯಾಕರಣವನ್ನು ಒಮ್ಮೆ ಗಮನಿಸಿ. ಇಲ್ಲಿ ಕರ್ತೃಪದ ಲೆಕ್ಕ. ವಿದ್ಯಾರ್ಥಿಯಾದರೋ ಚತುರ್ಥಿ ವಿಭಕ್ತಿಯಲ್ಲಿ ಕೈಕಟ್ಟಿ ಕುಳಿತಿದ್ದಾನೆ. ಬರುವುದೂ ಬಾರದಿರುವುದೂ ಲೆಕ್ಕದ ಮರ್ಜಿ! ಈಜು ಬರುವುದಿಲ್ಲ, ಸೈಕಲ್ ಬರುವುದಿಲ್ಲ ಎಂದೂ ನಾವು ಹೇಳುತ್ತೇವೆ, ಆದರೆ ಆ ಮಾತುಗಳಲ್ಲಿ 'ಇನ್ನೂ' ಎಂಬುದು ಅಡಗಿರುತ್ತದೆ. ಲೆಕ್ಕದ ವಿಷಯದಲ್ಲಿ ಮಾತ್ರ ಅದೇ ವಾಕ್ಯ ಹಣೆಬರಹವಾಗಿಬಿಡುತ್ತದೆ.

[ದೃಶ್ಯ: ಕಪ್ಪುಹಲಗೆ, ಅದರ ಮುಂದೆ ಸೀಮೆಸುಣ್ಣ ಹಿಡಿದ ಕೈ.]

ಗಣಿತದ ಬಗೆಗಿನ ಮನೋಭಾವವೆನ್ನುವುದು ಒಂದೇ ಗಂಟು ಅಲ್ಲ. 1976ರಲ್ಲಿ ಎಲಿಜಬೆತ್ ಫೆನ್ನೆಮಾ ಮತ್ತು ಜೂಲಿಯಾ ಶರ್ಮನ್ ಎಂಬ ಅಮೆರಿಕದ ಸಂಶೋಧಕಿಯರು ಇದನ್ನು ಅಳೆಯಲು ಒಂಬತ್ತು ಮಾಪಕಗಳನ್ನು ರೂಪಿಸಿದರು. ಆತ್ಮವಿಶ್ವಾಸಕ್ಕೆ ಒಂದು, ಆತಂಕಕ್ಕೆ ಒಂದು, ಗಣಿತ ಉಪಯುಕ್ತವೆಂಬ ನಂಬಿಕೆಗೆ ಇನ್ನೊಂದು. ತಾಯಿ, ತಂದೆ, ಶಿಕ್ಷಕರು ತನ್ನ ಬಗ್ಗೆ ಏನೆಂದುಕೊಂಡಿದ್ದಾರೆ ಎಂಬ ಗ್ರಹಿಕೆಗೂ ಬೇರೆ ಬೇರೆ ಮಾಪಕಗಳು. ಈ ವಿಂಗಡಣೆಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಗಣಿತ ಬದುಕಿಗೆ ಬೇಕೆಂದು ಪೂರ್ತಿ ನಂಬಿರುವ ಮಗುವಿಗೂ ತನ್ನ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲದಿರಬಹುದು. ಆದ್ದರಿಂದ ಗಣಿತದ ಮಹತ್ವವನ್ನು ಕುರಿತು ನಾವು ಮಾಡುವ ಭಾಷಣಗಳಲ್ಲಿ ಬಹುಪಾಲು, ನನ್ನ ದೃಷ್ಟಿಯಲ್ಲಿ, ತಲುಪಬೇಕಾದ ಕಡೆಗೆ ತಲುಪುವುದೇ ಇಲ್ಲ. "ನಮ್ಮ ಮನೆಯಲ್ಲಿ ಯಾರ ತಲೆಗೂ ಲೆಕ್ಕ ಹತ್ತಿಲ್ಲ" ಎಂದು ಹೆತ್ತವರು ನಗುತ್ತಾ ಆಡಿದ ಮಾತು ಮಾತ್ರ ನೆಟ್ಟಗೆ ತಲುಪುತ್ತದೆ.

[ದೃಶ್ಯ: ತೋಟದಲ್ಲಿ ಗುಂಡಿ ತೆಗೆಯಲು ಹಗ್ಗ ಹಿಡಿದು ಗುರುತು ಹಾಕುತ್ತಿರುವವರು.]

ಈ ತೋಟವನ್ನೇ ನೋಡಿ. ಒಂದು ಗುಂಟೆಯೆಂದರೆ ಉದ್ದ 33 ಅಡಿ, ಅಗಲ 33 ಅಡಿ, ಒಟ್ಟು 1,089 ಚದರ ಅಡಿ. ಅಂಥ 40 ಗುಂಟೆ ಸೇರಿದರೆ 43,560 ಚದರ ಅಡಿಯ ಒಂದು ಎಕರೆ. ಅರೇಬಿಕಾ ಗಿಡವನ್ನು ಆರಡಿಗೊಂದರಂತೆ ನೆಟ್ಟರೆ ಗಿಡವೊಂದಕ್ಕೆ 36 ಚದರ ಅಡಿ, ಎಕರೆಗೆ 1,210 ಗಿಡ. ಈ ಕೊನೆಯ ಸಂಖ್ಯೆ ತೋಟದ ಕೆಲಸ ಬಲ್ಲವರ ನಾಲಗೆಯ ತುದಿಯಲ್ಲಿದೆ. ಅದು ಐದಂಕಿಯ ಭಾಗಾಕಾರವೊಂದರ ಉತ್ತರ ಎಂಬುದನ್ನು ಮಗುವಿಗೆ ಯಾರೂ ಹೇಳಿರುವುದಿಲ್ಲ.

ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳನ್ನು ಕುರಿತ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಅವರು ಶೇ. 98.2ರಷ್ಟನ್ನು ಸರಿಯಾಗಿ ಮಾಡಿದರು. ಅಂಥವೇ ಲೆಕ್ಕಗಳನ್ನು ಶಾಲೆಯ ಮಾದರಿಯಲ್ಲಿ ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯುತ್ತರ ಶೇ. 36.8ಕ್ಕೆ ಇಳಿಯಿತು. ಐವರೇ ಮಕ್ಕಳಾದ್ದರಿಂದ ಇದನ್ನು ಎಲ್ಲೆಡೆಗೂ ಅನ್ವಯಿಸಲಾಗದು. ಆದರೂ 'ಬರುವುದಿಲ್ಲ' ಎಂಬ ತೀರ್ಪನ್ನು ಕೊಡುವ ಮುನ್ನ, ಎಲ್ಲಿ ಬರುವುದಿಲ್ಲ ಎಂದು ಕೇಳಲು ಇಷ್ಟು ಸಾಕು.

ಹಲಗೆಯ ಮುಂದೆ ನಿಂತಾಗ ನಡೆಯುವುದೇ ಬೇರೆ. ದಶಕವನ್ನು ನೆನಪಿನಲ್ಲಿ ಇರಿಸಿಕೊಂಡು ಮುಂದಿನ ಅಂಕಿಯನ್ನು ಕೂಡುವಾಗ ಮನಸ್ಸು ಒಂದು ಸಣ್ಣ ಜಾಗವನ್ನು ಬಳಸುತ್ತದೆ. ಮನೋವಿಜ್ಞಾನಿಗಳು ಅದನ್ನು ಕಾರ್ಯಸ್ಮೃತಿ ಎನ್ನುತ್ತಾರೆ. "ತಪ್ಪಾದರೆ ಎಲ್ಲರೂ ನಗುತ್ತಾರೆ" ಎಂಬ ಯೋಚನೆಯೂ ಅದೇ ಜಾಗಕ್ಕೆ ಬಂದು ಕೂರುತ್ತದೆ, ದಶಕ ಜಾರಿಹೋಗುತ್ತದೆ. ತಿಳಿದಿದ್ದ ಲೆಕ್ಕವೂ ತಪ್ಪುತ್ತದೆ, ಆ ತಪ್ಪು ಮುಂದಿನ ಭಯಕ್ಕೆ ಸಾಕ್ಷಿಯಾಗುತ್ತದೆ.

ಹಾಗಾದರೆ ಬೆನ್ನು ತಟ್ಟಿದರೆ ಸಾಕೇ? ಸಾಲದು. ಮನೋವಿಜ್ಞಾನಿ ಅಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ತನ್ನಿಂದ ಆಗುತ್ತದೆ ಎಂಬ ನಂಬಿಕೆಗೆ ಅತ್ಯಂತ ಬಲವಾದ ಮೂಲ ಸ್ವತಃ ಮಾಡಿ ಗೆದ್ದ ಅನುಭವ; ಇತರರ ಪ್ರೋತ್ಸಾಹದ ಮಾತು ಅದಕ್ಕಿಂತ ದುರ್ಬಲ. (ಧೈರ್ಯವೇ ಅಂಕವಲ್ಲ ಎಂಬುದೂ ನೆನಪಿರಲಿ: ಅಂತಾರಾಷ್ಟ್ರೀಯ ಪರೀಕ್ಷೆಗಳಲ್ಲಿ ಮುಂಚೂಣಿಯಲ್ಲಿರುವ ಜಪಾನ್, ಕೊರಿಯಾ ದೇಶಗಳ ಮಕ್ಕಳು ತಮ್ಮ ಗಣಿತದ ಬಗ್ಗೆ ಹೇಳಿಕೊಳ್ಳುವ ವಿಶ್ವಾಸ ಕಡಿಮೆಯೇ.)

[ದೃಶ್ಯ: ಬೇಲೂರು ಚೆನ್ನಕೇಶವ ದೇವಾಲಯ ನಿಂತಿರುವ ಎತ್ತರದ ಜಗಲಿ (ಜಗತಿ), ಅಂಚಿನ ಕೋನಗಳು.]

ಅಂಥ ಗೆಲುವನ್ನು ಎಲ್ಲಿಂದ ತರುವುದು? 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಈ ದೇವಾಲಯವನ್ನು ನೋಡಲು ಶಾಲೆಗಳು ಮಕ್ಕಳನ್ನು ಕರೆತರುತ್ತವೆ, ಶಿಲಾಬಾಲಿಕೆಯರ ಎದುರು ಫೋಟೋ ತೆಗೆದು ಹಿಂದಿರುಗುತ್ತವೆ. ಹೊಯ್ಸಳರ ನಕ್ಷತ್ರಾಕಾರದ ತಳವಿನ್ಯಾಸಗಳ ಹಿಂದೆ ಇರುವುದು ನಡುಬಿಂದುವಿನ ಸುತ್ತ ತಿರುಗುವ ಚೌಕ. ರಟ್ಟಿನ ಚೌಕವೊಂದರ ನಡುವೆ ಗುಂಡುಸೂಜಿ ಚುಚ್ಚಿ, ಅಂಚು ಎಳೆದು, 45 ಡಿಗ್ರಿ ತಿರುಗಿಸಿ ಮತ್ತೆ ಎಳೆದರೆ ಎಂಟು ಮೂಲೆಯ ನಕ್ಷತ್ರ ಸಿಗುತ್ತದೆ. ಇಲ್ಲಿಗೆ ಎಲ್ಲರೂ ತಲುಪುತ್ತಾರೆ. ಹದಿನಾರು ಮೂಲೆ ಬೇಕಾದರೆ ಪ್ರತಿ ಬಾರಿ ಎಷ್ಟು ಡಿಗ್ರಿ ತಿರುಗಿಸಬೇಕು ಎಂಬ ಪ್ರಶ್ನೆಗೆ ಕೆಲವರು 30 ಎನ್ನುತ್ತಾರೆ, ಎಳೆದು ನೋಡುತ್ತಾರೆ, ಹನ್ನೆರಡೇ ಮೂಲೆ ಬರುತ್ತದೆ. ತಪ್ಪೆಂದು ಹೇಳಿದ್ದು ರಟ್ಟು, ಮೇಷ್ಟರಲ್ಲ, ಹಾಗಾಗಿ ಅವಮಾನವಿಲ್ಲ. ಚೌಕಕ್ಕೆ ನಾಲ್ಕು ಮೂಲೆ, ಹದಿನಾರಕ್ಕೆ ನಾಲ್ಕು ಚೌಕ, 90ನ್ನು ನಾಲ್ಕರಿಂದ ಭಾಗಿಸಿದರೆ 22.5 ಎಂದು ಮಗು ತಾನೇ ಕಂಡುಕೊಳ್ಳುವವರೆಗೆ ಶಿಕ್ಷಕರು ಬಾಯಿ ಬಿಡದೆ ಕಾಯಬೇಕು. ಆಮೇಲೆ ಮೂವತ್ತೆರಡು ಮೂಲೆಗೆ ಎಷ್ಟು ಡಿಗ್ರಿ ಎಂದು ಕೇಳಬಹುದು.

[ದೃಶ್ಯ: ಕಾಗದದ ಮೇಲೆ ಗೆರೆ ಎಳೆಯುತ್ತಿರುವ ಪುಟ್ಟ ಕೈ. ನಿರೂಪಣೆ ಇಲ್ಲ.]