ಎರಡು ಚಮಚ ಹಾಲು

ಕೇಳುಗರೇ, ನಮಸ್ಕಾರ. ಬಾಣಂತಿ ಇರುವ ಮನೆಯ ಅಜ್ಜಿಯಂದಿರು ಸ್ವಲ್ಪ ರೇಡಿಯೋದ ಹತ್ತಿರ ಬನ್ನಿ. ನನ್ನ ತಕರಾರು ನಿಮ್ಮ ಜೊತೆಗೇ ಇದೆ.

ಹಟ್ಟಿಯಲ್ಲಿ ಹಸು ಕರು ಹಾಕಿದರೆ, ಕರುವಿಗೆ ಗಿಣ್ಣು ಕುಡಿಸದೆ ಬಿಡುತ್ತೀರಾ? ಇಲ್ಲ ಅಲ್ವಾ? ಮತ್ತೆ ಸೊಸೆಯ ಮೊದಲ ಹಳದಿ ಹಾಲನ್ನು ಯಾಕೆ ಹಿಂಡಿ ಚೆಲ್ಲಿಸುತ್ತೀರಿ?

ತಿಂಗಳು ತುಂಬದೆ ಹುಟ್ಟಿದ ಮಗುವಿಗಂತೂ ಆ ಹಾಲು ಬೇಕೇ ಬೇಕು. ಯಾಕೆಂದರೆ ಅದರ ಕರುಳು ಇನ್ನೂ ಎಳತು. ಒಳಗಿನ ಪದರ ತೆಳು. ರೋಗಾಣು ನುಗ್ಗಿದರೆ ಕರುಳು ಬಾತು, ಕೊಳೆತು, ಕೆಲವೊಮ್ಮೆ ತೂತೇ ಬೀಳುತ್ತದೆ. ಡಾಕ್ಟರುಗಳು ಇದಕ್ಕೆ ಎನ್‌ಇಸಿ ಎನ್ನುತ್ತೇವೆ. ಹೆಸರು ಮರೆತರೆ ಮರೆಯಿರಿ, ತಡೆಯುವ ಮದ್ದು ಮರೆಯಬೇಡಿ: ಅಮ್ಮನ ಹಾಲು. ಅದರಲ್ಲಿರುವ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ತಡೆಯುವ ಅಂಶಗಳು, ಕರುಳಿಗೆ ಒಳಗಿನಿಂದ ಲೇಪ ಹಾಕುತ್ತವೆ. ಮಗುವಿಗೆ ಜೀರ್ಣವೇ ಆಗದ ಒಂದು ಬಗೆಯ ಸಕ್ಕರೆಯೂ ಇದೆ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟ! ಇಂಗ್ಲೆಂಡಿನಲ್ಲಿ ತಿಂಗಳು ತುಂಬದೆ ಹುಟ್ಟಿದ 926 ಮಕ್ಕಳ ಲೆಕ್ಕ ನೋಡಿ 1990ರಲ್ಲಿ ಪ್ರಕಟಿಸಿದರು. ಬರೀ ಡಬ್ಬಿ ಹಾಲು ಕುಡಿದವರಲ್ಲಿ ಈ ಕಾಯಿಲೆ, ಬರೀ ತಾಯಿಹಾಲು ಕುಡಿದವರಿಗಿಂತ ಆರರಿಂದ ಹತ್ತು ಪಟ್ಟು ಜಾಸ್ತಿ.

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಬ್ಬ ಅಪ್ಪನ ಕಥೆ ಹೇಳಲೇಬೇಕು. ಮಗು ಮಂಗಳೂರಿನ ಆಸ್ಪತ್ರೆಯಲ್ಲಿ, ತೂಕ 1,100 ಗ್ರಾಂ. ತಾಯಿ ಮನೆಯಲ್ಲಿ. ಈತ ಬೆಳಗ್ಗಿನ ಬಸ್ಸು ಹಿಡಿದು, ಕುಂಬಳೆಯಲ್ಲಿ ಬದಲಾಯಿಸಿ, ತಲಪಾಡಿ ದಾಟಿ ಹಾಲು ತರುತ್ತಿದ್ದ. ಥರ್ಮೋಕೋಲ್ ಪೆಟ್ಟಿಗೆ, ಸುತ್ತ ಐಸು. ಐಸು ಎಲ್ಲಿಂದ ಎಂದರೆ, ಮೀನು ಮಾರ್ಕೆಟಿನಿಂದ! ಹಾಲಿನ ಡಬ್ಬಿ ಬಿಗಿಯಾಗಿತ್ತು, ನಾನು ಸುಮ್ನಾದೆ. ಮೊದಲ ದಿನ ತಂದದ್ದು ಎರಡೇ ಚಮಚ. "ಇಷ್ಟಕ್ಕೆ ಬಸ್ ಚಾರ್ಜು ದಂಡ ಅಂತ ಅಮ್ಮ ಬೈದರು ಡಾಕ್ಟ್ರೇ" ಎಂದ, ತಲೆ ತಗ್ಗಿಸಿ. ನಾನು ಸಿರಿಂಜು ತೋರಿಸಿದೆ. ಮಗುವಿಗೆ ಆಗ ಟ್ಯೂಬಿನಲ್ಲಿ ಹೋಗುತ್ತಿದ್ದುದು ಹೊತ್ತಿಗೆ ಒಂದು ಮಿಲಿ. ಎರಡು ಚಮಚ ಎಂದರೆ ಇಡೀ ದಿನದ ಊಟ! ಮೂರನೇ ವಾರ ಆ ಅಜ್ಜಿಯೇ ಪೆಟ್ಟಿಗೆ ಹಿಡಿದು ಬಂದರು. ಬಂದವರೇ ಸಿಸ್ಟರನ್ನು ಗದರಿಸಿದರು: "ನಿನ್ನೆಯದ್ದು ಚೆಲ್ಲಲಿಲ್ಲ ತಾನೆ?"

ಕಥೆಯಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ಹೆರಿಗೆಯಾದ ಕೆಲವೇ ಗಂಟೆಯಲ್ಲಿ ಹಿಂಡಲು ಶುರು ಮಾಡಿ. ಮೂರು ಗಂಟೆಗೊಮ್ಮೆ, ರಾತ್ರಿಯೂ. ತಾಯಿಗೆ ಹಾಲು ಬಾರದಿದ್ದರೆ ಬೇರೆ ತಾಯಂದಿರು ಕೊಟ್ಟ ಹಾಲಿನ ಬ್ಯಾಂಕು ಇದೆಯೇ ಕೇಳಿ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಿಂದ ಇದೆ, ನಮ್ಮ ಕೇರಳದಲ್ಲಿ ಎರ್ನಾಕುಳಂನಲ್ಲಿ 2021ರಲ್ಲಿ ಶುರುವಾಯಿತು. ಮಗುವಿನ ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ತಕ್ಷಣ ಹೇಳಿ. ಪಂಪ್ ಇಲ್ಲ ಎಂದು ಕೂರಬೇಡಿ, ಕೈಯಲ್ಲೇ ಹಿಂಡಬಹುದು. ಸಿಸ್ಟರ್ ತೋರಿಸಿಕೊಡುತ್ತಾರೆ. ನಮಸ್ಕಾರ.