ಒಂದು ಎಂಇವಿ ತಪ್ಪಿದರೆ ಮುನ್ನೂರು ಪಟ್ಟು: 118ನೇ ಧಾತುವಿನ ಆಯುಷ್ಯದ ಲೆಕ್ಕ

[ಪರದೆ: ಆವರ್ತ ಕೋಷ್ಟಕ. ಕೊನೆಯ ಚೌಕ ಮಾತ್ರ ಬೆಳಗುತ್ತದೆ]

ನಿರೂಪಣೆ: ಈ ಕಟ್ಟಕಡೆಯ ಮನೆ ಒಗನೆಸಾನ್‌ನದು. ರಷ್ಯಾದ ದುಬ್ನಾದಲ್ಲಿ ಕ್ಯಾಲಿಫೋರ್ನಿಯಂ-249ರ ಮೇಲೆ ಕ್ಯಾಲ್ಸಿಯಂ-48 ಅಯಾನುಗಳನ್ನು ತಿಂಗಳುಗಟ್ಟಲೆ ಸುರಿದರೂ ಸಿಕ್ಕಿದ್ದು ಬೆರಳೆಣಿಕೆಯ ಪರಮಾಣುಗಳು. ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಹಿಡಿಯುವ ಸಮಯ, ಸುಮಾರು 0.7 ಮಿಲಿಸೆಕೆಂಡ್. ಅಷ್ಟಾದರೂ ಅದು ಬದುಕುವುದು ಹೇಗೆ?

[ಚಿತ್ರ: ಉದ್ದಕ್ಕೆ ಎಳೆದು ಸೀಳುವ ಹನಿ]

ಹಳೆಯ ದ್ರವಬಿಂದು ಮಾದರಿಗೆ ನ್ಯೂಕ್ಲಿಯಸ್ ಎಂದರೆ ಒಂದು ಹನಿ. ಮೇಲ್ಮೈ ಎಳೆತ ಅದನ್ನು ಹಿಡಿದಿಡುತ್ತದೆ, ಪ್ರೋಟಾನ್‌ಗಳ ವಿಕರ್ಷಣೆ ಸೀಳಲು ನೋಡುತ್ತದೆ. 118 ಪ್ರೋಟಾನ್‌ಗಳಿದ್ದರೆ ವಿದಳನವನ್ನು, ಅಂದರೆ ಹೀಗೆ ಸೀಳುವುದನ್ನು, ತಡೆಯುವ ಶಕ್ತಿಯ ಗೋಡೆ ಹೆಚ್ಚುಕಡಿಮೆ ಮಾಯ. ಈ ಮಾದರಿಯನ್ನಷ್ಟೇ ನಂಬಿದರೆ ಒಗನೆಸಾನ್ ಇರಲೇಬಾರದು.

1967ರಲ್ಲಿ ಭೌತವಿಜ್ಞಾನಿ ಸ್ಟ್ರುಟಿನ್‌ಸ್ಕಿ ಹನಿಯ ಲೆಕ್ಕಕ್ಕೆ ಕವಚಗಳ, ಅಂದರೆ ಪ್ರೋಟಾನ್, ನ್ಯೂಟ್ರಾನ್‌ಗಳು ತುಂಬುವ ಶಕ್ತಿಮಟ್ಟಗಳ ಗುಂಪುಗಳ, ತಿದ್ದುಪಡಿ ಸೇರಿಸಿದರು. ಕವಚ ತುಂಬುತ್ತಾ ಬಂದಂತೆ ಬಂಧನ ಬಿಗಿಯಾಗುತ್ತದೆ. ಎರಡು ಸಾವಿರ ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಮಾನ) ಮೀರಿದ ಒಟ್ಟು ಬಂಧನ ಶಕ್ತಿಯಲ್ಲಿ ಈ ತಿದ್ದುಪಡಿ ಕೆಲವೇ ಎಂಇವಿ. ಆದರೆ ಗೋಡೆಯನ್ನು ಮತ್ತೆ ಎಬ್ಬಿಸುವುದು ಅದೇ!

ವಿದಳನ ತಪ್ಪಿದ ಮೇಲೆ ಉಳಿಯುವ ದಾರಿ ಆಲ್ಫಾ ಕ್ಷಯ: ಎರಡು ಪ್ರೋಟಾನ್, ಎರಡು ನ್ಯೂಟ್ರಾನ್‌ಗಳ ಒಂದು ಕಣ ಹೊರಬೀಳುವುದು. ಈ ಕಣವು ತನ್ನನ್ನು ತಡೆಯುವ ಶಕ್ತಿಯ ಗೋಡೆಯನ್ನು ಹಾರದೆ ತೂರಿಕೊಂಡು ಹೊರಬರುತ್ತದೆ ಎಂದು 1928ರಲ್ಲಿ ಭೌತವಿಜ್ಞಾನಿ ಗ್ಯಾಮೋವ್ ತೋರಿಸಿದ್ದರು. ಇದನ್ನು ಆಧರಿಸಿ ಅರ್ಧಾಯುಷ್ಯ ಹೇಳುವ ವಯೋಲ-ಸೀಬೋರ್ಗ್ ಸೂತ್ರಕ್ಕೆ ಬೇಕಾದುದು ಎರಡೇ ಸಂಖ್ಯೆ: ಪ್ರೋಟಾನ್‌ಗಳೆಷ್ಟು, ಕ್ಷಯದಲ್ಲಿ ಬಿಡುಗಡೆಯಾಗುವ ಶಕ್ತಿ ಎಷ್ಟು.

[ಪರದೆ: ಕ್ಯಾಲ್ಕುಲೇಟರ್. 118, ಬಳಿಕ 11.8]

ಅಳೆದ ಶಕ್ತಿ ಸುಮಾರು 11.8 ಎಂಇವಿ. ಉತ್ತರ 0.7 ಮಿಲಿಸೆಕೆಂಡಿನ ಆಸುಪಾಸು. ಇಷ್ಟು ಸರಳ ಸೂತ್ರಕ್ಕೆ ಇದು ಶಹಬ್ಬಾಸ್ ಎನ್ನಬೇಕಾದ ಫಲ. ಈಗ 11.8ರ ಬದಲು 10.8 ಹಾಕೋಣ. ಉತ್ತರ 0.2 ಸೆಕೆಂಡ್. ಒಂದೇ ಒಂದು ಎಂಇವಿ ಇಳಿದದ್ದಕ್ಕೆ ಆಯುಷ್ಯ ಸುಮಾರು ಮುನ್ನೂರು ಪಟ್ಟು!

ಹಾಗಾಗಿ ಇನ್ನೂ ತಯಾರಾಗದ ನ್ಯೂಕ್ಲಿಯಸ್‌ನ ಆಯುಷ್ಯ ಹೇಳುವವರಿಗೆ ಸೂತ್ರಕ್ಕಿಂತ ದ್ರವ್ಯರಾಶಿಯ ಲೆಕ್ಕವೇ ತಲೆನೋವು, ಏಕೆಂದರೆ ಬಿಡುಗಡೆಯಾಗುವ ಶಕ್ತಿ ಸಿಗುವುದು ಕ್ಷಯದ ಮೊದಲಿನ ಮತ್ತು ನಂತರದ ದ್ರವ್ಯರಾಶಿಗಳ ವ್ಯತ್ಯಾಸದಿಂದ. ಈ ಕೆಲಸಕ್ಕೆ ವೇಗವರ್ಧಕ ಬೇಡ, ಕಂಪ್ಯೂಟರ್ ಸಾಕು. ಕೋಲಾರದ ಸರ್ಕಾರಿ ಮಹಿಳಾ ಕಾಲೇಜಿನಿಂದಲೂ ಅತಿಭಾರ ನ್ಯೂಕ್ಲಿಯಸ್‌ಗಳ ಕ್ಷಯದ ಬಗ್ಗೆ ಪ್ರಬಂಧಗಳು ಬಂದಿವೆ.

[ನಕ್ಷೆ: ನ್ಯೂಟ್ರಾನ್ 184ರ ಗೆರೆ]

ಮುಂದಿನ ತುಂಬಿದ ಪ್ರೋಟಾನ್ ಕವಚ ಯಾವುದು? ಸ್ಟ್ರುಟಿನ್‌ಸ್ಕಿ ದಾರಿಯ ಲೆಕ್ಕಗಳು 114 ಎನ್ನುತ್ತವೆ, ಸಾಪೇಕ್ಷ ಸರಾಸರಿ-ಕ್ಷೇತ್ರ ಎಂಬ ಇನ್ನೊಂದು ವಿಧಾನದವು 120, ಇನ್ನು ಕೆಲವು 126. ನ್ಯೂಟ್ರಾನ್ 184 ಎಂಬುದರಲ್ಲಿ ಮಾತ್ರ ಬಹುಪಾಲು ಒಮ್ಮತ. 114ನೇ ಧಾತುವಾದ ಫ್ಲೆರೋವಿಯಂ-289ರಲ್ಲಿ ನ್ಯೂಟ್ರಾನ್ 175, ಅರ್ಧಾಯುಷ್ಯ ಸುಮಾರು ಎರಡು ಸೆಕೆಂಡ್. ಇನ್ನೂ ಒಂಬತ್ತು ಬೇಕು. ನ್ಯೂಟ್ರಾನ್‌ಗಳಿಂದ ಸಮೃದ್ಧವಾದ ಕ್ಯಾಲ್ಸಿಯಂ-48 ಬಳಸಿಯೂ ಅಲ್ಲಿಗೆ ತಲುಪಲಾಗಿಲ್ಲ.