ಉಪ್ಪು ನೀರು ಹೋದರೆ ಉಪ್ಪು ನೀರೇ ಬರಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನವರು ಸಮುದ್ರ ನೋಡಬೇಕು ಅಂದರೆ ಮಡಿಕೇರಿ ದಾಟಿ, ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು. ಹತ್ತಿರ ಹತ್ತಿರ 250 ಕಿಲೋಮೀಟರ್. ಆದರೂ ನಮ್ಮ ಊರಲ್ಲಿ, ಮಂಡ್ಯದಲ್ಲಿ ಕೂಡ, ಸಮುದ್ರದ ಮೀನು ಸಾಕುವ ಮನೆಗಳು ಇವೆ. ಕಿತ್ತಳೆ ಮೈಗೆ ಬಿಳಿ ಪಟ್ಟೆ ಇರುವ ಕ್ಲೌನ್ ಮೀನು, ನೀಲಿ ಡ್ಯಾಮ್ಸೆಲ್, ಇವುಗಳ ಬಣ್ಣ ನೋಡಿದವರು ಮತ್ತೆ ಗೋಲ್ಡ್ ಫಿಶ್ ಕಡೆ ತಿರುಗಿ ನೋಡುವುದು ಕಷ್ಟ. ಇಂಥ ಅಕ್ವೇರಿಯಂಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಇವು ಸೋರಿದಾಗ ಏನು ಮಾಡಬೇಕು ಅನ್ನುವುದೇ ಇವತ್ತಿನ ಮಾತು.

ಮೊದಲೇ ಹೇಳಿಬಿಡುತ್ತೇನೆ. ಉಪ್ಪು ನೀರು ಹೋದರೆ ಉಪ್ಪು ನೀರೇ ಬರಬೇಕು. ಇದೊಂದು ನೆನಪಿದ್ದರೆ ಅರ್ಧ ಕೆಲಸ ಆದ ಹಾಗೆ.

ಇದರಲ್ಲೇನು ವಿಶೇಷ ಅಂತೀರಾ? ಪ್ರತಿದಿನ ಅಕ್ವೇರಿಯಂನಲ್ಲಿ ನೀರು ಚೂರು ಚೂರು ಇಳಿಯುತ್ತದೆ. ಅದು ಆವಿಯಾಗುವುದು. ಆವಿಯಾಗುವಾಗ ನೀರು ಮಾತ್ರ ಹೋಗುತ್ತದೆ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ದಿನಾ ಸಿಹಿ ನೀರು ತುಂಬಿಸುತ್ತೇವೆ. ಅದು ಸರಿ. ಸೋರಿದಾಗ ಹಾಗಲ್ಲ. ನೀರಿನ ಜೊತೆ ಉಪ್ಪೂ ಹೋಗಿರುತ್ತದೆ. ಆದರೆ ಕೈಗೆ ಅಭ್ಯಾಸ ಆಗಿರುತ್ತದಲ್ವಾ, ನೀರು ಕಮ್ಮಿಯಾಯಿತು, ತಗೋ ಬಕೆಟ್, ತಿರುಗಿಸು ನಲ್ಲಿ. ಅನಾಹುತ ಆಗುವುದೇ ಅಲ್ಲಿ.

ಸರಸ್ವತಿಪುರಂನ ಒಂದು ಮನೆಯ ಕಥೆ ಹೇಳುತ್ತೇನೆ. ಮನೆಯ ಯಜಮಾನರು ನಿವೃತ್ತ ಮೇಷ್ಟ್ರು. ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ತನ್ನ ಅಕ್ವೇರಿಯಂ ಅಪ್ಪನಿಗೆ ಬಿಟ್ಟುಹೋಗಿದ್ದ. ಮೂರು ಅಡಿ ತೊಟ್ಟಿ. ಅದರ ಕೆಳಗೆ ಕ್ಯಾಬಿನೆಟ್ ಒಳಗೆ ಇನ್ನೊಂದು ತೊಟ್ಟಿ, ಅದನ್ನು ಸಂಪ್ ಅಂತೀವಿ. ಮನೆ ಮುಂದೆ ನೆಲದಡಿ ಇರುತ್ತದಲ್ಲ, ಆ ಸಂಪ್ ಅಲ್ಲ. ಮೇಲಿನ ನೀರು ಕೆಳಗೆ ಬರುತ್ತದೆ, ಶುದ್ಧವಾಗಿ ಪಂಪಿನಿಂದ ಮತ್ತೆ ಮೇಲೆ ಹೋಗುತ್ತದೆ. ಎರಡೂ ಸೇರಿ 200 ಲೀಟರ್ ನೀರು.

ಒಂದು ದಿನ ಬೆಳಗಿನ ಜಾವ ಕರೆಂಟ್ ಹೋಯಿತು. ಪಂಪ್ ನಿಂತಿತು. ಮೇಲಿನ ತೊಟ್ಟಿಯಲ್ಲಿ ಪಂಪಿನ ಪೈಪಿನ ಬಾಯಿ ನೀರಿನ ಮಟ್ಟದಿಂದ ಆರು ಇಂಚು ಕೆಳಗಿತ್ತು. ಪಂಪ್ ನಿಂತ ಕೂಡಲೇ ಅದೇ ಪೈಪಿನಲ್ಲಿ ನೀರು ಹಿಂದಕ್ಕೆ ಇಳಿಯತೊಡಗಿತು. ಪೈಪಿನ ಬಾಯಿಗೆ ಗಾಳಿ ತಾಗುವವರೆಗೂ ಅದು ನಿಲ್ಲುವುದಿಲ್ಲ. ಸಂಪ್ ತುಂಬಿತು, ಉಕ್ಕಿತು, ಹಾಲ್ ತುಂಬಾ ನೀರು. ಗಾಜು ಒಡೆದಿಲ್ಲ, ಅಂಟು ಬಿಟ್ಟಿಲ್ಲ. ನಮ್ಮ ಕಡೆ ನಾನು ನೋಡಿರುವ ಸೋರಿಕೆಗಳಲ್ಲಿ ಜಾಸ್ತಿ ಇಂಥವೇ.

ಮನೆಯಲ್ಲಿ ಮೇಷ್ಟ್ರ ತಾಯಿ ಇದ್ದರು. ವಯಸ್ಸಾಗಿತ್ತು, ಚುರುಕು ಮಾತ್ರ ಎಲ್ಲರಿಗಿಂತ ಹೆಚ್ಚು. ನೀರು ಇಳಿದಿರುವುದು ನೋಡಿ, ಮೀನುಗಳಿಗೆ ಏನೋ ಆಗಿಬಿಡುತ್ತೆ ಅಂತ ಹೆದರಿ, ಅದೇ ತೊಟ್ಟಿಯ ನೀರು ಒಂದು ಪಾತ್ರೆಗೆ ಮೊಗೆದು ಮೀನು, ಸಿಗಡಿ ಎಲ್ಲ ಅದರೊಳಗೆ ಬಿಟ್ಟರು. ಯೋಚನೆ ಸರಿಯೇ, ಪಾತ್ರೆ ತಪ್ಪು. ಅವರು ತಂದಿದ್ದು ಬಚ್ಚಲುಮನೆಯ ತಾಮ್ರದ ಹಂಡೆ! ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುತ್ತಿದ್ದ ಹಂಡೆ. ಉಪ್ಪು ನೀರಿಗೆ ತಾಮ್ರ ಬಿಡುತ್ತದೆ. ಮೀನು ಒಂದಷ್ಟು ಹೊತ್ತು ತಡೆದುಕೊಳ್ಳುತ್ತದೆ. ಸಿಗಡಿ, ಬಸವನಹುಳು, ಹವಳ ಇವಕ್ಕೆಲ್ಲ ತಾಮ್ರ ಶುದ್ಧ ವಿಷ. ದಯವಿಟ್ಟು ಪ್ಲಾಸ್ಟಿಕ್ ಬಕೆಟ್ ತಗೊಳ್ಳಿ. ಸೋಪು ಸೋಕದ ಬಕೆಟ್.

ಎಂಟು ಗಂಟೆಗೆ ಕರೆಂಟ್ ಬಂತು. ಪಂಪ್ ಓಡಿ ಮೇಲಿನ ತೊಟ್ಟಿ ತುಂಬಿತು, ಕೆಳಗಿನ ಸಂಪ್ ಬರಿದಾಯಿತು. ಪಂಪ್ ಗಾಳಿ ಎಳೆದು ಗೊರಗೊರ ಅನ್ನತೊಡಗಿತು. ಮೇಷ್ಟ್ರು ಏನು ಮಾಡಿದರು? ಬಕೆಟ್ ತಂದರು, ನಲ್ಲಿ ತಿರುಗಿಸಿದರು. ಹತ್ತಿರ ಹತ್ತಿರ 50 ಲೀಟರ್ ಕಾವೇರಿ ನೀರು ಸುರಿದು, ಮೀನುಗಳನ್ನು ವಾಪಸ್ ಬಿಟ್ಟು, ತಿಂಡಿಗೆ ಕೂತರು.

ಸಂಜೆ ಹೊತ್ತಿಗೆ ಮೀನುಗಳ ಬಣ್ಣ ಮಂಕಾಗಿ, ನೀರಿನ ಮೇಲ್ಗಡೆ ಬಂದು ಏದುಸಿರು ಬಿಡುತ್ತಿವೆ ಅಂತ ನನಗೆ ಫೋನ್ ಬಂತು. ಮರುದಿನ ಹೋಗಿ ನೋಡಿದರೆ ತೊಟ್ಟಿ ಲಕಲಕ ಅನ್ನುತ್ತಿದೆ. "ನೋಡಿ, ಒಂದು ಹನಿ ಕಮ್ಮಿ ಇಲ್ಲ" ಅಂದರು ಮೇಷ್ಟ್ರು. ನೀರಿನಲ್ಲಿ ಕಮ್ಮಿ ಇರಲಿಲ್ಲ ನಿಜ. ಸಮುದ್ರದ ನೀರಲ್ಲಿ ಲೀಟರ್‌ಗೆ 35 ಗ್ರಾಂ ಉಪ್ಪು ಇರಬೇಕು. ಉಪ್ಪು ಅಳೆಯುವ ನನ್ನ ರಿಫ್ರ್ಯಾಕ್ಟೋಮೀಟರ್ ತೋರಿಸಿದ್ದು 26. ಕಾಲು ಭಾಗ ನೀರು ಹೋಗಿ ಸಿಹಿ ನೀರು ಬಂದರೆ ಕಾಲು ಭಾಗ ಉಪ್ಪೂ ಹೋಯಿತು, ಲೆಕ್ಕ ಅಷ್ಟೇ. ಕಲ್ಲಿನ ಸಂದಿಯಲ್ಲಿ ಸಿಗಡಿ ಸತ್ತು ಬಿದ್ದಿತ್ತು. ನೀರಿನಲ್ಲಿ ಅಮೋನಿಯ ಅನ್ನುವ ವಿಷ ಏರಲು ಶುರುವಾಗಿತ್ತು.

ನಾನು ಇದನ್ನೆಲ್ಲ ಹೇಳಿದಾಗ ಅಜ್ಜಿ ಕೇಳಿದರು: "ಅಯ್ಯೋ, ಅದಕ್ಕೇನಪ್ಪ, ಉಪ್ಪು ಕಮ್ಮಿಯಾದ್ರೆ ಮೇಲೊಂದು ಹಿಡಿ ಹಾಕಿದ್ರಾಯ್ತು. ಸಾರಿಗೆ ಹಾಕಲ್ವಾ ಹಾಗೆ?"

ಇಲ್ಲ ಅಜ್ಜಿ, ಸಾರಿನಲ್ಲಿ ಯಾರೂ ಉಸಿರಾಡುತ್ತಿರುವುದಿಲ್ಲ. ಉಪ್ಪಿನ ಕಾಳು ಮೈಮೇಲೆ ಬಿದ್ದರೆ ಮೀನು, ಹವಳ ಸುಟ್ಟುಹೋಗುತ್ತವೆ. ಮತ್ತೆ ಅಡುಗೆ ಉಪ್ಪು ಬರೀ ಸೋಡಿಯಂ ಕ್ಲೋರೈಡ್. ಸಮುದ್ರದ ಪ್ರತಿ ಲೀಟರ್‌ನಲ್ಲಿ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 400 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಇರುತ್ತದೆ. ಅದಕ್ಕೇ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಮರೀನ್ ಸಾಲ್ಟ್ ಬೇಕು. ಆರ್‌ಓ ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರಲ್ಲ, ರಾತ್ರಿಯಿಡೀ ಏರ್ ಪಂಪ್ ಬಿಟ್ಟು, ಬೆಳಿಗ್ಗೆ ಅಳೆದು, ಆಮೇಲೆ ಬಳಸಬೇಕು.

ಅವಸರ ಮಾತ್ರ ಬೇಡ. ಕಮ್ಮಿ ಉಪ್ಪಿಗೆ ಹೊಂದಿಕೊಂಡ ಮೀನನ್ನು ಒಂದೇ ದಿನದಲ್ಲಿ 35ಕ್ಕೆ ಎಳೆದರೆ ಅದು ಇನ್ನೂ ಕೆಟ್ಟದ್ದು. ದಿನಕ್ಕೆ ಲೀಟರ್‌ಗೆ ಒಂದು, ಒಂದೂವರೆ ಗ್ರಾಂ ಏರಿದರೆ ಸಾಕು. ಮೇಷ್ಟ್ರ ಮನೆಯಲ್ಲಿ ದಿನಾ 20 ಲೀಟರ್ ಹಳೇ ನೀರು ತೆಗೆದು, ಅಷ್ಟೇ ಹೊಸ ಉಪ್ಪು ನೀರು ಹಾಕಿದೆವು. ಉಪ್ಪು ಏರಲಿ ಅಂತ, ಆವಿಯಾದಷ್ಟಕ್ಕೂ ಸಿಹಿ ನೀರಿನ ಬದಲು ಉಪ್ಪು ನೀರನ್ನೇ ಕೊಟ್ಟೆವು. ದಿನಾ ನೀರು ಬದಲಿಸಿದ್ದರಿಂದಲೇ ಅಮೋನಿಯ ಕೂಡ ಇಳಿಯಿತು. ಹತ್ತು ದಿನ ಕಳೆಯುವ ಹೊತ್ತಿಗೆ ಕ್ಲೌನ್ ಮೀನುಗಳು ಅಜ್ಜಿ ಬಂದರೆ ಸಾಕು, ಊಟ ಕೇಳಿಕೊಂಡು ಗಾಜಿನ ಹತ್ತಿರ ಬರುತ್ತಿದ್ದವು.

ಕಥೆ ಹೇಳುತ್ತಾ ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಉಳಿದದ್ದು ಬೇಗ ಹೇಳುತ್ತೇನೆ.

ನೆಲದ ಮೇಲೆ ನೀರು ಕಂಡರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಉಪ್ಪು ನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ. ಮೀನು ಆಮೇಲೆ, ನೀವು ಮೊದಲು. ನೀರಿಂದ ಹೊರಗೆ ಉಳಿದು ಕಾದ ಹೀಟರ್ ಮೇಲೆ ನೀರು ಸುರಿದರೆ ಅದರ ಗಾಜು ಸೀಳುತ್ತದೆ, ಜೋಪಾನ.

ಕಲ್ಲು, ಮರಳು, ಫಿಲ್ಟರ್ ಸ್ಪಂಜು ಇವನ್ನು ಹೇಗೂ ಕೆಲಸ ನಡೀತಿದೆ ಅಂತ ನಲ್ಲಿ ಕೆಳಗೆ ತೊಳೆಯಬೇಡಿ. ಮೀನಿನ ಗಲೀಜಿನಿಂದ ಹುಟ್ಟುವ ಅಮೋನಿಯವನ್ನು ತಿಂದು ಮುಗಿಸುವ ಬ್ಯಾಕ್ಟೀರಿಯ ಇರುವುದು ಅಲ್ಲೇ. ನಲ್ಲಿ ನೀರಿನ ಕ್ಲೋರಿನ್ ಅದನ್ನು ಕೊಲ್ಲುತ್ತದೆ, ಒಣಗಿದರೂ ಅದು ಸಾಯುತ್ತದೆ. ಕಲ್ಲನ್ನು ಉಪ್ಪು ನೀರಿನಲ್ಲೇ ಮುಳುಗಿಸಿಡಿ. ಸಮುದ್ರದ ನೀರಿನ ಪಿಎಚ್ 8ರ ಮೇಲಿರುವುದರಿಂದ ಇಲ್ಲಿ ಅಮೋನಿಯ ಗೋಲ್ಡ್ ಫಿಶ್ ತೊಟ್ಟಿಗಿಂತ ಹೆಚ್ಚು ಅಪಾಯ. ಒಂದೆರಡು ದಿನ ಊಟ ಕಮ್ಮಿ ಮಾಡಿ. ಮೀನು ಉಪವಾಸದಿಂದ ಅಷ್ಟು ಬೇಗ ಸಾಯುವುದಿಲ್ಲ, ನೀವು ಕನಿಕರಪಟ್ಟು ಹಾಕಿದ ಊಟ ಕೊಳೆತರೆ ಸಾಯುತ್ತದೆ.

ಅಂಟು ಬಿಟ್ಟು ಸೋರಿದ್ದರೆ ಹಳೇ ಸಿಲಿಕೋನ್ ಮೇಲೆ ಹೊಸದು ಬಳಿಯಬೇಡಿ, ಹಿಡಿಯುವುದಿಲ್ಲ. ಪೂರ್ತಿ ಕೆರೆದು ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ಹೊಸದಾಗಿ ಹಾಕಿಸಿ. ಬಚ್ಚಲುಮನೆಗೆ ಅಂತ ಬೂಷ್ಟು ಬರದ ಹಾಗೆ ಔಷಧಿ ಸೇರಿಸಿದ ಸಿಲಿಕೋನ್ ಬರುತ್ತದೆ, ಅದು ಬೇಡವೇ ಬೇಡ.

ಸಮುದ್ರದ ನೀರನ್ನೇ ಕ್ಯಾನ್‌ನಲ್ಲಿ ತಂದರೆ ಆಗಲ್ವಾ ಅಂತ ಕೇಳುವವರು ಇದ್ದಾರೆ. ಮಳೆಗಾಲದಲ್ಲಿ ಮಂಗಳೂರಿನ ದಡದಲ್ಲಿ ನೇತ್ರಾವತಿ, ಗುರುಪುರ ನದಿಗಳ ನೀರು ಬಂದು ಸೇರುತ್ತದೆ. ಉಪ್ಪು ಎಷ್ಟಿದೆಯೋ, ಜೊತೆಗೆ ಇನ್ನೇನು ಬಂದಿದೆಯೋ. ಬೇಡ, ಬಿಡಿ. ಮನೆಯಲ್ಲೇ ಒಂದು ಡ್ರಮ್‌ನಲ್ಲಿ 40, 50 ಲೀಟರ್ ಉಪ್ಪು ನೀರು ಯಾವಾಗಲೂ ಕಲಸಿ, ಮುಚ್ಚಿ ಇಟ್ಟಿರಿ. ಯಾಕೆ ಅಂತ ಈಗ ನಾನು ಹೇಳಬೇಕಾಗಿಲ್ಲ. ಉಪ್ಪು ನೀರು ಹೋದರೆ ಉಪ್ಪು ನೀರೇ ಬರಬೇಕು.

ಕೊನೆಗೆ ಆ ಪೈಪು. ನೀರಿನ ಮಟ್ಟಕ್ಕಿಂತ ಚೂರೇ ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಹಾಕಿಸಿ. ಪಂಪ್ ನಿಂತಾಗ ಅಲ್ಲಿಂದ ಗಾಳಿ ಸೇರಿ, ನೀರು ಹಿಂದಕ್ಕೆ ಇಳಿಯುವುದು ಅಲ್ಲೇ ನಿಲ್ಲುತ್ತದೆ. ಆ ತೂತಿಗೆ ಪಾಚಿ, ಉಪ್ಪು ಕಟ್ಟಿಕೊಳ್ಳುತ್ತದೆ, ಆಗಾಗ ಕಡ್ಡಿ ಆಡಿಸಿ ಬಿಡಿಸುತ್ತಿರಿ. ಇವತ್ತೇ ಸಂಜೆ ನೀವಾಗಿಯೇ ಪಂಪ್ ಆಫ್ ಮಾಡಿ, ಸಂಪ್ ಪಕ್ಕ ಕೂತು ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ. ಅಂಚಿಗೆ ಬಂತು ಅಂದರೆ ಸಂಪ್‌ನಲ್ಲಿ ನೀರು ಜಾಸ್ತಿ ಇದೆ, ಒಂದಿಷ್ಟು ತೆಗೆದಿಡಿ.

ನಮಸ್ಕಾರ.